ಗ್ಲೈಫೋಸೇಟ್ 41% ರಿವ್ಯೂ: ಕಳೆಗೆ ನಾಲ್ಕು ಸ್ಟಾರ್, ಮಣ್ಣಿಗೆ ಒಂದೂವರೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಒಂದು ಕಂಪನಿ ಮಾಲಿನ ರಿವ್ಯೂ ಅಲ್ಲ. ಕ್ಯಾನ್ ಮೇಲೆ ಗ್ಲೈಫೋಸೇಟ್ 41% ಎಸ್‌ಎಲ್ (ನೀರಲ್ಲಿ ಕರಗೋ ದ್ರಾವಣ) ಅಂತ ಬರ್ದಿರೋ ಯಾವ ಕಳೆನಾಶಕಕ್ಕಾದ್ರೂ ಅನ್ವಯಿಸುತ್ತೆ, ಹತ್ತಾರು ಕಂಪನಿಯವ್ರು ಹತ್ತಾರು ಹೆಸರಲ್ಲಿ ಮಾರ್ತಾರೆ, ಒಳಗಿರೋ ಮುಖ್ಯ ಸರಕು ಒಂದೇ. ಕಳೆ ಸಾಯುತ್ತಾ ಇಲ್ವಾ ಅನ್ನೋ ರಿವ್ಯೂ ಬೇಕಾದಷ್ಟಿದೆ, ಹೊಡೆದ ಮೇಲೆ ಮಣ್ಣಿಗೆ ಏನಾಗುತ್ತೆ ಅಂತ ಬರ್ದಿರೋದು ನನ್ನ ಕಣ್ಣಿಗೆ ಬೀಳ್ಲಿಲ್ಲ, ಅದಕ್ಕೇ ಸ್ವಲ್ಪ ಉದ್ದ ಆದ್ರೂ ಬರೀತಿದೀನಿ.

ನಮ್ದು ಮಲೆನಾಡಿನ ಅಡಿಕೆ ತೋಟ, ಮಧ್ಯೆ ಬಾಳೆ, ಮರಕ್ಕೆ ಕಾಳುಮೆಣಸು. ಹಿಸ್ಸೆ ಆದ್ಮೇಲೆ ಕೆಳಗಿನ ಭಾಗ ಅಣ್ಣಂಗೆ, ಮೇಲಿನ ಭಾಗ ನನಗೆ ಬಂತು. ಅವ್ನು ಕೆಲವು ವರ್ಷದಿಂದ ಮಳೆಗಾಲಕ್ಕೆ ಮುಂಚೆ ಒಂದ್ಸಲ, ಮಳೆ ಬಿಟ್ಟ ಮೇಲೆ ಒಂದ್ಸಲ ಇದನ್ನ ಹೊಡಿಸ್ತಾನೆ, ನಾನು ಹುಲ್ಲು ಕೊಚ್ಚೋ ಮಷಿನ್ ಇಟ್ಕೊಂಡಿದೀನಿ. ಅದೇ ಮಣ್ಣು, ಅದೇ ಮಳೆ, ಅದೇ ವಯಸ್ಸಿನ ಮರ, ಮಧ್ಯೆ ಒಂದು ಬಸಿಗಾಲುವೆ ಅಷ್ಟೇ. ಹಾಗಾಗಿ ಪಕ್ಕಪಕ್ಕ ಇಟ್ಟು ನೋಡೋಕೆ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ.

ಕಳೆ ವಿಷಯ ಬೇಗ ಮುಗಿಸ್ತೀನಿ, ಯಾಕಂದ್ರೆ ಅದ್ರಲ್ಲಿ ತಕರಾರಿಲ್ಲ. ಹೊಡೆದು ನಾಲ್ಕೈದು ದಿನ ಏನೂ ಕಾಣಲ್ಲ, ವಾರ ಕಳೆದ ಮೇಲೆ ತುದಿಯಿಂದ ಹಳದಿ ತಿರುಗುತ್ತೆ, ಹದಿನೈದು ದಿನಕ್ಕೆ ಬೇರು ಸಮೇತ ಒಣಗುತ್ತೆ. ಎಲೆಗೆ ಬಿದ್ದದ್ದು ಗಿಡದ ಒಳಗೇ ಇಳಿದು ಬೇರಿಗೆ ಹೋಗೋದ್ರಿಂದ ಗರಿಕೆಯಂಥದ್ದೂ ಸಾಯುತ್ತೆ. ಜೇಕಿನ ಗಡ್ಡೆ ಮಾತ್ರ ಮತ್ತೆ ಚಿಗುರುತ್ತೆ, ನೀಲಿ ಹೂವಿನ ಕನ್ನೆ ಸೊಪ್ಪು ಇದಕ್ಕೆ ಸರಿಯಾಗಿ ಬಗ್ಗೋದೇ ಇಲ್ಲ, ವರ್ಷ ವರ್ಷ ಹೊಡೀತಾ ಹೋದ್ರೆ ಬೇರೆ ಕಳೆ ಎಲ್ಲಾ ಹೋಗಿ ಅದೊಂದೇ ತೋಟ ತುಂಬ್ಕೊಳ್ಳುತ್ತೆ. ಒಂದು ಸ್ಟಾರ್ ಕಟ್ ಮಾಡಿದ್ದು ಅದಕ್ಕೇ. ಆದ್ರೆ ಆಳು ಸಿಗದ ಈ ಕಾಲದಲ್ಲಿ ಒಬ್ನೇ ಪಂಪ್ ಬೆನ್ನಿಗೆ ಹಾಕ್ಕೊಂಡು ಒಂದೇ ದಿನದಲ್ಲಿ ಇಷ್ಟು ಕೆಲಸ ಮುಗಿಸ್ತಾನೆ ಅಂದ್ರೆ ಜನ ಯಾಕೆ ತಗೋತಾರೆ ಅಂತ ನಂಗೆ ಚೆನ್ನಾಗಿ ಅರ್ಥ ಆಗುತ್ತೆ. ಅಣ್ಣನ ಮೇಲೆ ನಂಗೇನೂ ಕೋಪ ಇಲ್ಲ.

ಈಗ ಮಣ್ಣು.

ಔಷಧಿ ಅಂಗಡಿಲಿ ಕೇಳಿದ್ರೆ ಒಂದೇ ಮಾತು, ಮಣ್ಣು ಮುಟ್ಟಿದ ಕೂಡ್ಲೇ ನಿಷ್ಕ್ರಿಯ ಆಗುತ್ತೆ, ಏನೂ ತೊಂದ್ರೆ ಇಲ್ಲ. ಸಾವಯವದವರ ಮೀಟಿಂಗಿಗೆ ಹೋದ್ರೆ ಇನ್ನೊಂದೇ ಮಾತು, ಒಂದ್ಸಲ ಹೊಡೆದ್ರೆ ಮಣ್ಣಲ್ಲಿರೋ ಜೀವ ಎಲ್ಲಾ ಸತ್ತೋಗುತ್ತೆ. ಎರಡೂ ಪೂರ್ತಿ ನಿಜ ಅಲ್ಲ, ಮತ್ತೆ ನಡುವೆ ಇರೋ ನಿಜ ಏನು ಅಂತ ಗೊತ್ತಾದ್ರೇನೇ ನಮ್ಮ ತೋಟಕ್ಕೆ ಏನು ಮಾಡ್ಬೇಕು ಅನ್ನೋದು ತೀರ್ಮಾನ ಆಗೋದು.

ಇದು ಕೆಲಸ ಮಾಡೋ ರೀತಿ ಹೀಗೆ. ಗಿಡ ಬೆಳೀಬೇಕಂದ್ರೆ ಪ್ರೋಟೀನ್ ಕಟ್ಬೇಕು, ಅದಕ್ಕೆ ಬೇಕಾದ ಮೂರು ಅಮೈನೋ ಆಮ್ಲಗಳನ್ನ (ಫಿನೈಲ್ ಅಲನಿನ್, ಟೈರೊಸಿನ್, ಟ್ರಿಪ್ಟೊಫಾನ್) ಗಿಡ ತಾನೇ ತಯಾರು ಮಾಡ್ಕೊಳ್ಳುತ್ತೆ, ಶಿಕಿಮೇಟ್ ಅನ್ನೋ ದಾರಿಲಿ. ಆ ದಾರಿಲಿ ಇಪಿಎಸ್‌ಪಿಎಸ್ ಅಂತ ಒಂದು ಕಿಣ್ವ ಇದೆ, ಗ್ಲೈಫೋಸೇಟ್ ಹೋಗಿ ಅದನ್ನ ಕಟ್ಟಿಹಾಕುತ್ತೆ, ಗಿಡ ಹಸಿದು ಸಾಯುತ್ತೆ. ಮನುಷ್ಯರಲ್ಲಿ ದನಕರುಗಳಲ್ಲಿ ಈ ದಾರಿನೇ ಇಲ್ಲ, ನಾವು ಊಟದಿಂದ ಪಡ್ಕೋತೀವಿ. 1974ರಲ್ಲಿ ಅಮೆರಿಕದ ಮೊನ್ಸಾಂಟೊ ಕಂಪನಿ ಇದನ್ನ ಮಾರ್ಕೆಟ್ಟಿಗೆ ಬಿಟ್ಟಾಗಿಂದ ಸುರಕ್ಷಿತ ಅಂತ ಹೇಳ್ಕೊಂಡು ಬಂದಿರೋದಕ್ಕೆ ಇದೇ ದೊಡ್ಡ ಆಧಾರ. (ಕ್ಯಾನ್ಸರ್ ವಿಚಾರ ಬೇರೆ ಚರ್ಚೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನ ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಗೆ ಸೇರಿಸ್ತು, ಅದನ್ನ ಇಲ್ಲಿ ಎಳೆಯಲ್ಲ.)

ಆದ್ರೆ ಯೋಚನೆ ಮಾಡಿ, ನಮ್ಮಲ್ಲಿ ಇಲ್ಲದ ಆ ದಾರಿ ಶಿಲೀಂಧ್ರಗಳಲ್ಲಿದೆ, ಹೆಚ್ಚಿನ ಬ್ಯಾಕ್ಟೀರಿಯಾಗಳಲ್ಲೂ ಇದೆ. ಅಂದ್ರೆ ಒಂದು ಚಮಚ ತೋಟದ ಮಣ್ಣಲ್ಲಿ ಕೋಟಿಗಟ್ಟಲೆ ಇರೋ ಜೀವಿಗಳಲ್ಲಿ ಹೆಚ್ಚಿನವು ಇದೇ ಕಿಣ್ವ ಇಟ್ಕೊಂಡು ಬದುಕ್ತಿರೋದು. ಇದು ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುತ್ತೆ ಅಂತ ಕಂಪನಿಗೂ ಗೊತ್ತಿತ್ತು, ಏಕಕೋಶದ ಪರಾವಲಂಬಿ ಜೀವಿಗಳ ವಿರುದ್ಧ ಬಳಸೋದಕ್ಕೆ ಅಂತ ಮೊನ್ಸಾಂಟೊಗೆ ಅಮೆರಿಕದಲ್ಲಿ 2010ರಲ್ಲಿ ಪೇಟೆಂಟ್ ಸಿಕ್ಕಿದೆ. ಕ್ಯಾನ್ ಮೇಲಿನ ಲೇಬಲ್ ತಿರುಗಿಸಿ ತಿರುಗಿಸಿ ನೋಡಿದೆ, ಕೈಗವಸು ಹಾಕ್ಕೊಳ್ಳಿ, ಗಾಳಿಗೆ ಎದುರಾಗಿ ಹೊಡೀಬೇಡಿ, ಊಟದ ಸಾಮಾನಿನ ಹತ್ರ ಇಡಬೇಡಿ, ಇದೆಲ್ಲಾ ಇದೆ, ಮಣ್ಣಿನ ಜೀವದ ಬಗ್ಗೆ ಒಂದು ಅಕ್ಷರ ಇಲ್ಲ. ಮೂಲೇಲಿ ಬಣ್ಣದ ತ್ರಿಕೋನ ಇರುತ್ತಲ್ಲ, ಅದು ಕೂಡ ಹೇಳೋದು ನುಂಗಿದ್ರೆ ಅಥವಾ ಮೈಗೆ ಬಿದ್ರೆ ಪ್ರಾಣಿಗೆ ಎಷ್ಟು ವಿಷ ಅಂತ ಮಾತ್ರ. ಹಸಿರು ತ್ರಿಕೋನ ಇದ್ರೆ ಮಣ್ಣಿಗೆ ಒಳ್ಳೇದು ಅಂತ ಎಷ್ಟೋ ಜನ ತಿಳ್ಕೊಂಡಿದಾರೆ, ದಯವಿಟ್ಟು ಹಾಗೆ ಓದ್ಬೇಡಿ.

ಹಾಗಂತ ಹೊಡೆದ ಕೂಡ್ಲೇ ಎಲ್ಲಾ ಸಾಯಲ್ಲ. ಸೂಡೊಮೋನಾಸ್ ಗುಂಪಿನ ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿ ಆ ಕಿಣ್ವದ ಬೇರೆ ನಮೂನೆ ಇದೆ, ಗ್ಲೈಫೋಸೇಟ್‌ಗೆ ಅದು ಜಗ್ಗಲ್ಲ. ಇನ್ನು ಕೆಲವು ಬ್ಯಾಕ್ಟೀರಿಯಾ ಇದನ್ನೇ ಒಡೆದು ಅದ್ರಲ್ಲಿರೋ ರಂಜಕ ತಿಂದು ಬದುಕ್ತವೆ, ಮಣ್ಣಲ್ಲಿ ಈ ವಿಷ ಕರಗೋದು ಮುಖ್ಯವಾಗಿ ಈ ಜೀವಿಗಳಿಂದಲೇ. ಇನ್ನೊಂದು ಕಡೆ ರೈಜೋಬಿಯಂ ಜಾತಿಯವು, ಅಂದ್ರೆ ಅಲಸಂದೆ ಸೆಣಬಿನಂಥ ದ್ವಿದಳ ಗಿಡದ ಬೇರಲ್ಲಿ ಗಂಟು ಕಟ್ಟಿ ಸಾರಜನಕ ಕೊಡೋವು, ಅವುಗಳಲ್ಲಿ ಕೆಲವಕ್ಕೆ ಇದು ನೇರ ಪೆಟ್ಟು, ಸೋಯಾಬೀನ್ ಗಂಟಿನ ಬ್ಯಾಕ್ಟೀರಿಯಾ ಮೇಲೆ ಅದು ಸಾಬೀತಾಗಿದೆ. ಅಂದ್ರೆ ಕೆಲವಕ್ಕೆ ಊಟ, ಕೆಲವಕ್ಕೆ ವಿಷ. ಒಟ್ಟು ಲೆಕ್ಕ ತೆಗೆದ್ರೆ ಸಂಖ್ಯೆ ಅಷ್ಟೇ ಕಾಣ್ಬಹುದು, ಒಳಗೆ ಯಾರು ಇದಾರೆ ಯಾರು ಹೋದ್ರು ಅನ್ನೋದು ಬದಲಾಗಿರುತ್ತೆ. ಲೇಬಲ್ ಡೋಸ್‌ನಲ್ಲಿ ಹೊಡೆದ್ರೆ ಮಣ್ಣಿನ ಉಸಿರಾಟ, ಒಟ್ಟು ಸೂಕ್ಷ್ಮಜೀವಿ ತೂಕ ಹೆಚ್ಚು ವ್ಯತ್ಯಾಸ ಆಗಲ್ಲ ಅಂತ ಹಲವು ಸಂಶೋಧನೆ ಹೇಳ್ತವೆ, ಮಾರೋರು ತೋರಿಸೋದು ಅದನ್ನೇ. ಅದು ಸುಳ್ಳಲ್ಲ, ಆದ್ರೆ ಊರಿನ ಜನಸಂಖ್ಯೆ ಅಷ್ಟೇ ಇದೆ ಅಂತ ಹೇಳಿ ಊರಲ್ಲಿ ಮೇಷ್ಟ್ರು, ಕಮ್ಮಾರ, ಸೂಲಗಿತ್ತಿ ಯಾರೂ ಉಳಿದಿಲ್ಲ ಅನ್ನೋದನ್ನ ಹೇಳದೇ ಇದ್ದ ಹಾಗೆ.

ನಮ್ಮಂಥ ತೋಟದವರಿಗೆ ಅತಿ ಮುಖ್ಯ ಅಂದ್ರೆ ಮೈಕೊರೈಜಾ, ಬೇರಿನ ಒಳಗೆ ಹೊಕ್ಕು ಹೊರಗೆ ಮಣ್ಣಿಗೆ ನೂಲು ಚಾಚೋ ಶಿಲೀಂಧ್ರ. ಅಡಿಕೆ, ಕಾಳುಮೆಣಸು, ಬಾಳೆ ಮೂರಕ್ಕೂ ಇದರ ನಂಟಿದೆ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಲ್ಲಿ ಕಬ್ಬಿಣ ಅಲ್ಯುಮಿನಿಯಂ ಜಾಸ್ತಿ, ಹಾಕಿದ ರಂಜಕ ಎಲ್ಲಾ ಅದಕ್ಕೆ ಅಂಟ್ಕೊಂಡು ಬೇರಿಗೆ ಸಿಗಲ್ಲ, ಅದನ್ನ ದೂರದಿಂದ ಹೆಕ್ಕಿ ತಂದು ಮರಕ್ಕೆ ಕೊಡೋದೇ ಈ ನೂಲು. ಬದಲಿಗೆ ಅದಕ್ಕೆ ಬೇಕಾಗಿರೋದು ಜೀವಂತ ಬೇರಿನ ಸಕ್ಕರೆ, ಜೀವಂತ ಬೇರಿಲ್ಲದೆ ಈ ಶಿಲೀಂಧ್ರ ಬದುಕೋದೇ ಇಲ್ಲ. ಅರ್ಜೆಂಟೀನಾದಲ್ಲಿ ನಡೆಸಿ 2013ರಲ್ಲಿ ಪ್ರಕಟ ಮಾಡಿದ ಪ್ರಯೋಗದಲ್ಲಿ ಮಾಮೂಲಿ ಡೋಸ್‌ಗಿಂತ ಕಮ್ಮಿ ಗ್ಲೈಫೋಸೇಟ್‌ಗೇ ಈ ಶಿಲೀಂಧ್ರದ ಬೀಜಕಣಗಳು ಸತ್ತಿವೆ, ಬೇರಿಗೆ ಹತ್ತೋದೂ ಕಮ್ಮಿ ಆಗಿದೆ. ನಂಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಇನ್ನೊಂದು ಕಾರಣ. ಅಡಿಕೆ ಮರದ ಬೇರು ಬುಡದ ಸುತ್ತ ಇರುತ್ತೆ, ಮಧ್ಯದ ಜಾಗದಲ್ಲಿ ಈ ಶಿಲೀಂಧ್ರವನ್ನ, ಮಿಕ್ಕ ಸೂಕ್ಷ್ಮಜೀವಿಗಳನ್ನ ಸಾಕೋದು ಹುಲ್ಲು ಕಳೆಯ ಬೇರುಗಳೇ. ಒಂದೇ ದಿನ ಅಷ್ಟೂ ಬೇರು ಸಾಯಿಸಿದ್ರೆ ಆ ಜಾಗಕ್ಕೆ ಊಟ ಹಾಕೋರೇ ಇಲ್ಲ. ಮಷಿನ್‌ನಲ್ಲಿ ಕೊಚ್ಚಿದ್ರೆ ಮೇಲಿನದ್ದು ಮಾತ್ರ ಹೋಗುತ್ತೆ, ಬೇರು ಬದುಕಿದ್ದು ಮತ್ತೆ ಚಿಗುರುತ್ತೆ, ಕೊಚ್ಚಿದ ಸೊಪ್ಪು ಅಲ್ಲೇ ಕೊಳೀತದೆ. ಕೊಚ್ಚೋದಕ್ಕೂ ಹೊಡೆಯೋದಕ್ಕೂ ಇರೋ ನಿಜವಾದ ವ್ಯತ್ಯಾಸ ಇದು, ರಾಸಾಯನಿಕ ಎಷ್ಟು ದಿನ ಉಳಿಯುತ್ತೆ ಅನ್ನೋದು ಆಮೇಲಿನ ಮಾತು.

ಸಾಯ್ತಿರೋ ಬೇರಿನದ್ದು ಇನ್ನೊಂದು ಸಮಸ್ಯೆ. ಗ್ಲೈಫೋಸೇಟ್ ಹೊಡೆದ ಗಿಡದ ಬೇರು ರೋಗ ತಡೆಯೋ ಶಕ್ತಿ ಕಳ್ಕೊಳ್ಳುತ್ತೆ, ಫ್ಯುಸೇರಿಯಂ, ಪಿಥಿಯಂ ಥರದ ಬೇರು ಕೊಳೆಸೋ ರೋಗಾಣುಗಳು ಅದ್ರ ಮೇಲೆ ಮುಗಿಬೀಳ್ತವೆ, ಅಲ್ಲಿ ಹೆಚ್ಚಾಗಿ ಪಕ್ಕದ ಎಳೆ ಬೇರಿಗೆ ದಾಟ್ತವೆ. ಹೊರದೇಶದಲ್ಲಿ ಹೊಡೆದ ತಕ್ಷಣ ಬಿತ್ತಬೇಡಿ, ಎರಡು ಮೂರು ವಾರ ಬಿಡಿ ಅಂತ ರೈತರಿಗೆ ಹೇಳೋದು ಅದಕ್ಕೇ. ನಮ್ಮಲ್ಲಿ ಏನ್ ಮಾಡ್ತೀವಿ? ಜೂನ್‌ಗೆ ಮುಂಚೆ ಕಳೆ ಔಷಧಿ ಹೊಡೆದು, ಮಳೆ ಬಿದ್ದ ಕೂಡ್ಲೇ ಕಾಳುಮೆಣಸಿನ ಬಳ್ಳಿ, ಅಡಿಕೆ ಸಸಿ ನೆಡ್ತೀವಿ. ಅದೇ ತಿಂಗಳು ಟ್ರೈಕೋಡರ್ಮಾನ ಬೇವಿನ ಹಿಂಡಿ ಜೊತೆ ಕಲಸಿ ಬುಡಕ್ಕೆ ಹಾಕ್ತೀವಿ, ಸೊರಗು ರೋಗ ಬರ್ಬಾರ್ದು ಅಂತ. ದುಡ್ಡು ಕೊಟ್ಟು ಒಳ್ಳೆ ಶಿಲೀಂಧ್ರ ತಂದು ಹಾಕೋದು, ಅದೇ ಬುಡಕ್ಕೆ ಶಿಲೀಂಧ್ರದ ಕಿಣ್ವ ಕಟ್ಟೋ ಔಷಧಿನೂ ಹೊಡೆಯೋದು. ಇದನ್ನ ಅಂಗಡಿಯವ್ರು ಹೇಳ್ಬೇಕಿತ್ತು, ಎರಡನ್ನೂ ಒಂದೇ ಬಿಲ್ಲಲ್ಲಿ ಕೊಡ್ತಾರೆ.

ಮಣ್ಣು ಮುಟ್ಟಿದ್ರೆ ನಿಷ್ಕ್ರಿಯ ಅನ್ನೋ ಮಾತಿಗೆ ಬರ್ತೀನಿ. ಅರ್ಧ ನಿಜ. ಗ್ಲೈಫೋಸೇಟ್ ಜೇಡಿ ಕಣಕ್ಕೆ, ಕಬ್ಬಿಣ ಅಲ್ಯುಮಿನಿಯಂ ಆಕ್ಸೈಡ್‌ಗೆ ಗಟ್ಟಿಯಾಗಿ ಅಂಟ್ಕೊಳ್ಳುತ್ತೆ, ಹಾಗಾಗಿ ಪಕ್ಕದ ಗಿಡ ಬೇರಿಂದ ಹೀರಿ ಸಾಯೋದು ಅಪರೂಪ. ರಾಡಿ ನೀರಲ್ಲಿ ಕಲಸಿದ್ರೆ ಔಷಧಿ ಹಿಡಿಯಲ್ಲ ಅಂತ ಪಂಪ್ ಹೊಡೆಯೋರು ಹೇಳ್ತಾರಲ್ಲ, ಅದೂ ಇದೇ ಕಾರಣಕ್ಕೆ. ಆದ್ರೆ ಅಂಟ್ಕೊಂಡಿದ್ದು ಅಂದ್ರೆ ಮಾಯ ಆಯ್ತು ಅಂತಲ್ಲ. ಅಂಟ್ಕೊಂಡಿರೋದು ಬೇಗ ಕೊಳೆಯೋದೂ ಇಲ್ಲ, ಕೆಲವು ಮಣ್ಣಲ್ಲಿ ಕೆಲವೇ ದಿನಕ್ಕೆ ಅರ್ಧ ಆಗುತ್ತೆ, ಕೆಲವು ಮಣ್ಣಲ್ಲಿ ತಿಂಗಳುಗಟ್ಟಲೆ ಕೂರುತ್ತೆ, ಒಡೆದ ಮೇಲೆ ಬರೋ ಆಂಪಾ ಅನ್ನೋ ಪದಾರ್ಥ ಅದಕ್ಕಿಂತ ಹೆಚ್ಚು ದಿನ ಇರುತ್ತೆ. ಇನ್ನೂ ಒಂದು ಸೂಕ್ಷ್ಮ ಇದೆ, ಗ್ಲೈಫೋಸೇಟ್ ಮಣ್ಣಿಗೆ ಅಂಟೋ ಜಾಗ, ರಂಜಕ ಅಂಟೋ ಜಾಗ ಎರಡೂ ಒಂದೇ. ಅಡಿಕೆಗೆ ವರ್ಷಕ್ಕೆ ಮರಕ್ಕೆ ಸಾರಜನಕ 100 ಗ್ರಾಂ, ರಂಜಕ 40 ಗ್ರಾಂ, ಪೊಟ್ಯಾಷ್ 140 ಗ್ರಾಂ ಅಂತ ಶಿಫಾರಸು ಇದೆಯಲ್ಲ, ಆ ರಂಜಕ ಹೋಗಿ ಅಂಟ್ಕೊಂಡಿದ್ದ ಗ್ಲೈಫೋಸೇಟನ್ನ ಕೆಳಗಿಳಿಸಿ ತಾನು ಕೂರಬಹುದು. ಹೊಡೆದ ಹಿಂದೆನೇ ಗೊಬ್ಬರ ಹಾಕ್ಬಾರ್ದು ಅನ್ನೋದಕ್ಕೆ ಇದು ಸಾಕು.

ಈಗ ಕಣ್ಣಾರೆ ನೋಡಿದ್ದು. ಮಳೆ ಬಿಡೋ ಹೊತ್ತಲ್ಲಿ ನನ್ನ ಭಾಗದಲ್ಲಿ ದರಕು ಸರಿಸಿದ್ರೆ ಎರೆಹುಳದ ಹಿಕ್ಕೆ ಸಣ್ಣ ಸಣ್ಣ ಗೋಪುರದ ಥರ ಎದ್ದಿರುತ್ತೆ, ಬೆರಳಲ್ಲಿ ಒತ್ತಿದ್ರೆ ರವೆ ರವೆಯಾಗಿ ಉದುರುತ್ತೆ. ಒಂದು ಹಿಡಿ ಹೆಂಟೆ ಒಡೆದ್ರೆ ಒಳಗೆ ಬಿಳಿ ನೂಲು, ಮೊದಲ ಮಳೆಯ ವಾಸನೆ. (ಆ ವಾಸನೆ ಮಾಡೋದು ಆಕ್ಟಿನೋಮೈಸೀಟ್ ಗುಂಪಿನ ಬ್ಯಾಕ್ಟೀರಿಯಾ, ವಾಸನೆ ಕೊಡೋ ಪದಾರ್ಥದ ಹೆಸರು ಜಿಯೋಸ್ಮಿನ್.) ಬಸಿಗಾಲುವೆ ದಾಟಿ ಅಣ್ಣನ ಭಾಗಕ್ಕೆ ಹೋದ್ರೆ ನೆಲ ನುಣ್ಣಗೆ, ಮೇಲೆ ತೆಳ್ಳಗೆ ಹಸಿರು ಪಾಚಿ ಕಟ್ಟಿದೆ, ನಡೆದ್ರೆ ಜಾರುತ್ತೆ, ಗುದ್ದಲಿ ಹಾಕಿದ್ರೆ ಮಣ್ಣು ಹಲಗೆ ಹಲಗೆಯಾಗಿ ಏಳುತ್ತೆ. ಹಿಕ್ಕೆ ಮರದ ಬುಡದಲ್ಲಿ ಅಲ್ಲೊಂದು ಇಲ್ಲೊಂದು. ವಿಯೆನ್ನಾದಲ್ಲಿ ನಡೆಸಿ 2015ರಲ್ಲಿ ಪ್ರಕಟ ಮಾಡಿದ ಕುಂಡದ ಪ್ರಯೋಗದಲ್ಲೂ ಹೊಡೆದು ಮೂರು ವಾರಕ್ಕೆ ಒಂದು ಜಾತಿ ಎರೆಹುಳ ಮೇಲೆ ಬಂದು ಹಿಕ್ಕೆ ಹಾಕೋದು ಹತ್ತಿರ ಹತ್ತಿರ ನಿಂತೇ ಹೋಗಿತ್ತು, ಇನ್ನೊಂದು ಜಾತಿಯ ಸಂತಾನ ಮೂರು ತಿಂಗಳಲ್ಲಿ 56% ಇಳಿದಿತ್ತು. ಅವು ಅಲ್ಲಿನ ಜಾತಿ, ನಮ್ಮವು ಬೇರೆ, ಅಷ್ಟೇ ಪ್ರಮಾಣ ಇಲ್ಲೂ ಅಂತ ನಾನು ಹೇಳಲ್ಲ, ಆದ್ರೆ ದಿಕ್ಕು ಅದೇ.

ಒಂದು ಸುಲಭದ ಪರೀಕ್ಷೆ ಇದೆ, ಯಾರು ಬೇಕಾದ್ರೂ ಮಾಡ್ಬಹುದು. ಬಿಳಿ ಹತ್ತಿ ಬಟ್ಟೆ, ಪಾಲಿಯೆಸ್ಟರ್ ಬೆರಕೆ ಇರ್ಬಾರ್ದು, ಹಳೇ ಪಂಚೆ ಆದ್ರೆ ಸಾಕು. ಒಂದೇ ಅಳತೆಯ ತುಂಡು ಎರಡೂ ಕಡೆ ನಾಲ್ಕು ಬೆರಳು ಆಳಕ್ಕೆ ಹೂತು ಗುರುತಿಗೆ ಕಡ್ಡಿ ನೆಟ್ಟು ಎರಡು ತಿಂಗಳು ಬಿಡಿ. ಹತ್ತಿ ಅಂದ್ರೆ ಸೆಲ್ಯುಲೋಸ್, ಅದನ್ನ ತಿನ್ನೋ ಜೀವಿಗಳು ಎಷ್ಟು ಚುರುಕು ಅಂತ ಬಟ್ಟೆನೇ ಹೇಳುತ್ತೆ. ಕೊಚ್ಚಿದ ಕಡೆಯದ್ದು ತೆಗೆಯೋಕೆ ಹೋದ್ರೆ ಕೈಗೆ ಬಂದಿದ್ದು ಅಂಚಿನ ದಾರ ಮತ್ತೆ ಜೇಡನ ಬಲೆಯಂತಾದ ಎರಡು ಚೂರು. ಹೊಡೆದ ಕಡೆಯದ್ದು ಕಪ್ಪು ಹಳದಿ ಮಚ್ಚೆ ಬಿದ್ದಿತ್ತು, ಆದ್ರೆ ಝಾಡಿಸಿದ್ರೆ ಇನ್ನೂ ಬಟ್ಟೆನೇ, ಎಳೆದ್ರೂ ಹರೀಲಿಲ್ಲ. ಇದು ಗ್ಲೈಫೋಸೇಟ್ ಒಂದರಿಂದಲೇ ಆಯ್ತು ಅಂತ ಹೇಳೋಕಾಗಲ್ಲ, ಬೋಳು ನೆಲ ಕಾಯುತ್ತೆ, ಬೇಗ ಒಣಗುತ್ತೆ, ಅದ್ರ ಪಾಲೂ ಇದೆ. ಆದ್ರೆ ನೆಲ ಬೋಳಾಗಿದ್ದು ಔಷಧಿ ಹೊಡೆದಿದ್ದಕ್ಕೇ ತಾನೇ, ಮಣ್ಣಿನ ದೃಷ್ಟಿಯಿಂದ ಎರಡನ್ನೂ ಬೇರೆ ಮಾಡೋದ್ರಲ್ಲಿ ಅರ್ಥ ಇಲ್ಲ.

ಮಣ್ಣು ಪರೀಕ್ಷೆ ಮಾಡಿಸಿದ್ರೆ ಇದು ಗೊತ್ತಾಗುತ್ತಾ ಅಂತ ಕೇಳ್ತಾರೆ. ಸಾಯಿಲ್ ಹೆಲ್ತ್ ಕಾರ್ಡ್‌ನಲ್ಲಿ 12 ಅಂಶ ಇರುತ್ತೆ, ಸಾರಜನಕ ರಂಜಕ ಪೊಟ್ಯಾಷ್ ಗಂಧಕ, ಸತು ಕಬ್ಬಿಣ ತಾಮ್ರ ಮ್ಯಾಂಗನೀಸ್ ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಸೂಕ್ಷ್ಮಜೀವಿ ಒಂದೂ ಇಲ್ಲ. ಸಾವಯವ ಇಂಗಾಲ 0.75% ದಾಟಿದ್ರೆ ‘ಹೆಚ್ಚು’ ಅಂತ ಬರುತ್ತೆ, ಮಲೆನಾಡಿನ ಮಣ್ಣಲ್ಲಿ ಅದು ಸಾಮಾನ್ಯ, ಅದು ಬೇಗ ಇಳಿಯೋದೂ ಇಲ್ಲ, ಹಾಗಾಗಿ ಕಾರ್ಡ್ ನೋಡ್ಕೊಂಡು ಮಣ್ಣು ಚೆನ್ನಾಗಿದೆ ಅಂತ ನಿಶ್ಚಿಂತೆಯಿಂದ ಇರೋ ಹಾಗಿಲ್ಲ. ಮಣ್ಣಿನ ಜೀವಿಗಳು ಎಷ್ಟು ಚುರುಕು ಅಂತ ತೋರಿಸೋ ಡಿಹೈಡ್ರೋಜಿನೇಸ್ ಕಿಣ್ವ, ಸೂಕ್ಷ್ಮಜೀವಿ ಇಂಗಾಲ ಅಳೆಯೋ ವಿಧಾನ ಸಂಶೋಧನೆ ಮಾಡೋರಿಗೆ ಮಾಮೂಲು, ಅದ್ರಲ್ಲಿ ಒಂದಾದ್ರೂ ರೈತರ ಕಾರ್ಡಿಗೆ ಬರ್ಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಕ್ಯಾನ್‌ನಲ್ಲಿ ಗ್ಲೈಫೋಸೇಟ್ ಒಂದೇ ಇರಲ್ಲ ಅನ್ನೋದೂ ನೆನಪಿರಲಿ. ಎಲೆಗೆ ಅಂಟಿಸೋಕೆ ಸೋಪಿನಂಥ ಪದಾರ್ಥ ಸೇರಿಸಿರ್ತಾರೆ, ಅದ್ರಲ್ಲಿ ಪಿಒಇಎ ಅನ್ನೋದು ನೀರಿನ ಜೀವಿಗಳಿಗೆ ಗ್ಲೈಫೋಸೇಟ್‌ಗಿಂತ ಹೆಚ್ಚು ವಿಷ, ಯುರೋಪಿನಲ್ಲಿ ಗ್ಲೈಫೋಸೇಟ್ ಜೊತೆ ಅದನ್ನ ಸೇರಿಸೋದನ್ನ 2016ರಲ್ಲೇ ನಿಲ್ಲಿಸಿದಾರೆ. ನಮ್ಮ ಬಸಿಗಾಲುವೆ ನೀರು ಹಳ್ಳಕ್ಕೆ, ಹಳ್ಳ ಕೆರೆಗೆ, ಕಪ್ಪೆ ಮೀನು ಅಲ್ಲೇ ಇರೋದು. ಇದು ಸಾಲ್ದು ಅಂತ ಪಂಪಿಗೆ ಕಲ್ಲುಪ್ಪು, ಯೂರಿಯಾ, ಶಾಂಪೂ ಪ್ಯಾಕೆಟ್ ಹಾಕಿ ಹೊಡೆಯೋರೂ ಇದಾರೆ, ಬೇಗ ಸುಡುತ್ತೆ ಅಂತ. ಉಪ್ಪು ಮಾತ್ರ ಯಾವ ಕಾರಣಕ್ಕೂ ಬೇಡ. ಗ್ಲೈಫೋಸೇಟ್ ನಿಧಾನ ಆದ್ರೂ ಒಡೆಯುತ್ತೆ, ಉಪ್ಪು ಒಡೆಯೋ ಪದಾರ್ಥನೇ ಅಲ್ಲ, ಬೇರಿಗೂ ಮಣ್ಣಿನ ಜೀವಕ್ಕೂ ನೇರ ಹಾನಿ.

ಜೇನು ಸಾಕೋರಿಗೆ ಒಂದು ಮಾತು, ಟೆಕ್ಸಾಸ್ ವಿಶ್ವವಿದ್ಯಾಲಯದವರು 2018ರಲ್ಲಿ ಜೇನ್ನೊಣದ ಕರುಳಲ್ಲಿರೋ ಉಪಕಾರಿ ಬ್ಯಾಕ್ಟೀರಿಯಾ ಗ್ಲೈಫೋಸೇಟ್‌ನಿಂದ ಕಮ್ಮಿ ಆಗೋದನ್ನ ತೋರಿಸಿದಾರೆ. ಅದೇ ಕಿಣ್ವದ ಕಥೆ, ಮಣ್ಣಿನ ಬದಲು ಹೊಟ್ಟೆ. ಕಳೆ ಹೂ ಬಿಟ್ಟಾಗಂತೂ ಹೊಡೀಲೇಬೇಡಿ.

ನ್ಯಾಯವಾಗಿ ಹೇಳ್ಬೇಕಂದ್ರೆ ಮಣ್ಣಿನ ಜೀವಕ್ಕೆ ಪೆಟ್ಟು ಕೊಡೋದು ಇದೊಂದೇ ಅಲ್ಲ. ಕೊಳೆರೋಗಕ್ಕೆ ಹೊಡೆಯೋ 1% ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಕಲಸಿದ್ದು) ತಾಮ್ರ ವರ್ಷ ವರ್ಷ ನೆಲಕ್ಕೆ ಇಳಿದು ಅಲ್ಲೇ ಉಳಿಯುತ್ತೆ, ಅದನ್ನ ನಾನೂ ಹೊಡೆಸ್ತೀನಿ, ಬಿಟ್ರೆ ಫಸಲೇ ಇರಲ್ಲ. ಬೋರ್ಡೋಗೆ ಬದಲಿ ಸುಲಭಕ್ಕೆ ಸಿಗಲ್ಲ, ಕಳೆ ಔಷಧಿಗೆ ಮನೇಲೇ ಇದೆ, ಅದಕ್ಕೇ ಇದ್ರ ಬಗ್ಗೆ ಇಷ್ಟು ಬರೀತಿರೋದು.

ಕಾನೂನಿನ ಕಡೆಯಿಂದ ನೋಡಿದ್ರೂ ಅಡಿಕೆ ತೋಟಕ್ಕೆ ಇದು ಸರಿ ಹೊಂದಲ್ಲ. ನಮ್ಮ ದೇಶದಲ್ಲಿ ಇದಕ್ಕೆ ಅನುಮತಿ ಇರೋದು ಚಹಾ ತೋಟಕ್ಕೆ ಮತ್ತೆ ಬೆಳೆ ಇಲ್ಲದ ಜಾಗಕ್ಕೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಪರವಾನಗಿ ಇರೋ ಕೀಟ ನಿಯಂತ್ರಣದವರು ಬಿಟ್ರೆ ಬೇರೆ ಯಾರೂ ಇದನ್ನ ಬಳಸ್ಬಾರ್ದು ಅಂತ ಆದೇಶ ಹೊರಡಿಸ್ತು, ಕೇರಳ ಅದಕ್ಕೂ ಮೊದ್ಲೇ 2019ರಲ್ಲಿ ಮಾರಾಟ ನಿಲ್ಸಿತ್ತು. ಕೌಂಟರ್‌ನಲ್ಲಿ ಕೊಡೋವಾಗ ಇದ್ಯಾವುದನ್ನೂ ಯಾರೂ ಹೇಳಲ್ಲ.

ಹಾಗಾದ್ರೆ ತಗೋಬೇಕಾ ಬೇಡ್ವಾ? ಕಣದ ಅಂಚು, ಬೇಲಿ ಸಾಲು, ಮನೆ ಮುಂದಿನ ಕಲ್ಲು ಹಾಸು, ಇಂಥ ಕಡೆ ಕಾಂಗ್ರೆಸ್ ಗಿಡ ತುಂಬಿ ಬೇರೆ ದಾರಿನೇ ಇಲ್ಲ ಅಂದ್ರೆ ಪರವಾನಗಿ ಇರೋರ ಕೈಲಿ, ಲೀಟರಿಗೆ ಇಷ್ಟು ಎಂ.ಎಲ್ ಅಂತ ಲೇಬಲ್‌ನಲ್ಲಿ ಇರೋದಷ್ಟೇ ಅಳೆದು ಹೊಡೆಸಿ. ಕ್ಯಾನ್ ಮುಚ್ಚಳದಲ್ಲಿ ಅಂದಾಜಿಗೆ ಸುರಿಯೋದು ಬೇಡ, ಡೋಸ್ ಏರಿದಷ್ಟೂ ಸೂಕ್ಷ್ಮಜೀವಿಗಳ ಮೇಲಿನ ಪರಿಣಾಮ ಜಾಸ್ತಿ ಅಂತ ಹಲವು ಸಂಶೋಧನೆ ಹೇಳ್ತವೆ. ತೋಟದ ಒಳಗೆ, ಮರದ ಬುಡಕ್ಕೆ ಬೇಡ. ಮಷಿನ್ ಒಂದು ನಾಲ್ಕೈದು ಮನೆಯವ್ರು ಸೇರಿ ತಗೊಂಡ್ರೆ ಖರ್ಚು ಭಾರ ಅನ್ಸಲ್ಲ, ಮಳೆಗಾಲದಲ್ಲಿ ಹುಲ್ಲು ಮೊಣಕಾಲು ಮುಟ್ಟೋ ಮುಂಚೆ ಕೊಚ್ಚಿ, ನೆಲಕ್ಕೆ ಮೂರು ಬೆರಳು ಬಿಟ್ಟು, ಕೊಚ್ಚಿದ್ದನ್ನ ಬುಡಕ್ಕೆ ಎಳೆದುಬಿಡಿ, ಮೇಲೆ ಸೊಪ್ಪು ದರಕು ಹರಡಿ. ಮರಕ್ಕೆ 12 ಕೆಜಿ ಹಸಿರೆಲೆ, 12 ಕೆಜಿ ಕಾಂಪೋಸ್ಟ್ ಅನ್ನೋ ಅಡಿಕೆ ಶಿಫಾರಸಿನ ಒಂದು ಪಾಲು ಅಲ್ಲೇ ಮುಗಿಯುತ್ತೆ. ಈಗಾಗ್ಲೇ ವರ್ಷಗಟ್ಟಲೆ ಹೊಡೆದಿರೋ ತೋಟ ಆದ್ರೆ ಮಧ್ಯದ ಜಾಗಕ್ಕೆ ಮಳೆ ಶುರುವಲ್ಲಿ ಅಲಸಂದೆ ಅಥವಾ ಸೆಣಬು ಎರಚಿ, ಮೊದ್ಲು ಜೀವಂತ ಬೇರು ವಾಪಸ್ ಬರ್ಲಿ, ಮಿಕ್ಕಿದ್ದು ಅದ್ರ ಹಿಂದೆ ಬರುತ್ತೆ. ಅಣ್ಣ ಈ ಸಲ ಕೆಳಗಿನ ಎರಡು ಸಾಲು ಬಿಟ್ಕೊಟ್ಟಿದಾನೆ, ಅಲಸಂದೆ ಹಾಕಿ ನೋಡೋಣ ಅಂತ. ಬಟ್ಟೆ ಅಲ್ಲೂ ಹೂತಿದೀನಿ, ತೆಗೆದ ಮೇಲೆ ಫೋಟೋ ಸಮೇತ ಇಲ್ಲೇ ಹಾಕ್ತೀನಿ.